ಮುದುಕಿಗೆ ಹಾಕಿದ ಸೋಪು

ಪ್ರೀತಿಯ ಬೆರ್ಗುರ್,

ಇದನ್ನು ನಿನಗೆ ಓದಿ ಹೇಳುವ ನರ್ಸ್ ಹುಡುಗಿಗೆ ಮೊದಲೇ ಹೇಳಿಟ್ಟಿದ್ದೇನೆ, ನೀನು ಮುಖ ತಿರುಗಿಸಿದರೂ ಒಂದು ಸಾಲನ್ನೂ ಬಿಡಬಾರದೆಂದು. ನಿನ್ನನ್ನು ಆ ಆರೈಕೆಮನೆಯಲ್ಲಿ ಬಿಟ್ಟು ಇಂದಿಗೆ ಹನ್ನೊಂದು ದಿನ. ದಿನವೂ ಬಂದು ಕೈ ಹಿಡಿದು ಕೂತೆ, ಕುರಿಗಳ ಸುದ್ದಿ, ಗಾಳಿಯ ಸುದ್ದಿ ಎಲ್ಲ ಹೇಳಿದೆ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ನಿನ್ನ ಕಣ್ಣೆದುರು ನನಗೆ ಬಾಯಿ ಬರುವುದಿಲ್ಲ.

ನಮ್ಮ ಹೊಲದಲ್ಲಿ ಆಗಾಗ ಆಕಾಶಕ್ಕೆ ಚಿಮ್ಮುವ ಬಿಸಿನೀರಿನ ಬುಗ್ಗೆಯನ್ನು ನೀನು ಮುದುಕಿ ಎಂದು ಕರೆಯುತ್ತಿದ್ದೆ. ಬೆಳಗಾದರೆ ಹಗ್ಗಕ್ಕೆ ತಾಪಮಾಪಕ ಕಟ್ಟಿಕೊಂಡು ಅವಳ ಹತ್ತಿರ ಓಟ. ಹೊಸ ಮದುವಣಗಿತ್ತಿ ನಾನು, ಉರಿದುಹೋಗುತ್ತಿದ್ದೆ. "ನನ್ನನ್ಯಾಕೆ ತಂದೆ, ಅವಳನ್ನೇ ಕಟ್ಕೋಬೇಕಿತ್ತು" ಅಂದರೆ, "ಅವಳು ಕಾಫಿ ಮಾಡ್ಕೊಡಲ್ಲ ಕಣೆ" ಅನ್ನುತ್ತಿದ್ದೆ. ನಾನು ರೈ ಬ್ರೆಡ್ಡಿನ ಹಿಟ್ಟು ತುಂಬಿದ ಡಬ್ಬಿಯನ್ನು ಬೇಯಲೆಂದು ಬಿಸಿ ಮಣ್ಣಿನಲ್ಲಿ ಹೂಳುವಾಗ ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಾಠ ಶುರು ಮಾಡುತ್ತಿದ್ದೆ. "ತಳದ ನೀರು ನೂರು ಡಿಗ್ರಿ ದಾಟಿರತ್ತೆ, ಆದ್ರೂ ಕುದಿಯಕ್ಕಾಗಲ್ಲ. ಮೇಲಿನ ನೀರಿನ ಭಾರ ಅದುಮಿ ಹಿಡಿದಿರತ್ತೆ. ಮೇಲಿಂದ ನಾಲ್ಕು ಬಕೆಟ್ ಚೆಲ್ಲಿತು ಅನ್ಕೋ, ಭಾರ ಇಳೀತು. ಆಗ ನೋಡು, ತಳದಿಂದ ಕುದ್ದು ಎಲ್ಲಾನೂ ಎತ್ತಿ ಎಸೀತಾಳೆ." ಗಾಳಿ ಜೋರಾದರೆ ಮೇಲಿನ ಕೊಳ ತಣ್ಣಗಾಗಿ ಅವಳು ತಡಮಾಡುತ್ತಾಳೆ ಎಂದೂ ನೀನೇ ಹೇಳಿದ್ದು.

ಅಕ್ಕಪಕ್ಕದವರಿಗೆ ಅಷ್ಟು ತಾಳ್ಮೆ ಎಲ್ಲಿತ್ತು? ನೆಂಟರು ಬಂದರೆ ಸಾಕು, ಬಕೆಟ್ಟುಗಟ್ಟಲೆ ಹಸಿರು ಸೋಪು ಸುರಿದು ತಮ್ಮ ತಮ್ಮ ಬುಗ್ಗೆಗಳನ್ನು ಹಾರಿಸುತ್ತಿದ್ದರು. ನೀನು ಒಂದು ಚಮಚ ಕೂಡ ಹಾಕಗೊಡಲಿಲ್ಲ. "ಸೋಪು ಗುಳ್ಳೆಗಳನ್ನ ಹಿಡಿದಿಟ್ಟು ಅವಳನ್ನ ಹೊತ್ತಿಗೆ ಮುಂಚೆ ಎಬ್ಬಿಸತ್ತೆ. ಅದು ಅವಳ ಮಾತಲ್ಲ, ನಿಮ್ಮ ಮಾತು" ಎಂದು, ಸೋಪು ಹಾಕು ಅಂದ ಊರ ಪಾದ್ರಿಯವರ ಮುಖದ ಮೇಲೇ ಅಂದುಬಿಟ್ಟಿದ್ದೆ.

ಹೋದ ಶರತ್ಕಾಲದ ಭೂಕಂಪದಲ್ಲಿ ಒಳಗಿನ ಯಾವ ಸಂದು ಮುಚ್ಚಿತೋ, ಮುದುಕಿ ಸುಮ್ಮನಾದಳು. ಫೆಬ್ರವರಿಯಲ್ಲಿ ನಿನಗೆ ಪಾರ್ಶ್ವವಾಯು ಹೊಡೆಯಿತು, ನೀನೂ ಸುಮ್ಮನಾದೆ. ಏಳು ತಿಂಗಳು, ಒಂದು ಮಾತಿಲ್ಲ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು, ಯಾವಾಗ ಎಂದು ಹೇಳಲಾರೆವು ಅಂದರು ಡಾಕ್ಟರು. ನಿನ್ನನ್ನು ಎತ್ತಿ ಕೂರಿಸಲು ನನ್ನ ಸೊಂಟದಲ್ಲಿ ಶಕ್ತಿ ಉಳಿದಿರಲಿಲ್ಲ. ಶುಕ್ರವಾರ ಕರೆದೊಯ್ಯುತ್ತೇವೆ ಎಂದು ಆರೈಕೆಮನೆಯವರು ತಿಳಿಸಿದರು. ಹೊರಡುವ ಮೊದಲು ಒಮ್ಮೆ ಅವಳನ್ನು ನೋಡಿದರೆ ನಿನ್ನ ಬಾಯಿ ಬಿಚ್ಚಬಹುದು ಎಂಬ ಹುಚ್ಚು ಆಸೆ ನನ್ನದು.

ನಿನ್ನ ಹಗ್ಗ ನಾನೇ ಇಳಿಬಿಟ್ಟೆ, ಬೆರ್ಗುರ್. ತಳದಲ್ಲಿ ನೂರಾ ಹದಿನೆಂಟು. ನೀನಾಗಿದ್ದರೆ "ಇನ್ನೂ ಕಾಯಬೇಕು" ಅನ್ನುತ್ತಿದ್ದೆ. ಕಾಯಲು ನನ್ನ ಬಳಿ ಒಂದೇ ದಿನವಿತ್ತು. ನಿನ್ನ ತಮ್ಮ ಕೋಲ್ಬೇನ್‌ಗೆ ಫೋನು ಮಾಡಿದೆ. ಗುರುವಾರ ಬೆಳಿಗ್ಗೆ ನೀನು ಏಳುವ ಮೊದಲೇ ನಾವಿಬ್ಬರೂ ಮೂರು ಬಕೆಟ್ ಸೋಪು ಸುರಿದೆವು. "ಅಣ್ಣನಿಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಅದರೊಳಗೇ ನೂಕ್ತಾನೆ ಅತ್ತಿಗೆ" ಅಂದ. ಹಾಗೆ ನೂಕುವಷ್ಟು ನೀನು ಚೇತರಿಸಿಕೊಂಡರೆ ಸಾಕು ಎಂದು ನನಗೆ ಅಳು ಬಂತು.

ಆಮೇಲೆ ನಿನಗೆ ಉಣ್ಣೆಯ ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ತಂದು ದೂರದಲ್ಲಿ ಕೂರಿಸಿದೆವು. ಒಂದು ಗಂಟೆ ಏನೂ ಇಲ್ಲ. ಗಾಳಿ ಬೇರೆ. ನಿನ್ನ ಮೂಗು ಕೆಂಪಾಯಿತು. ಒಳಗೆ ಕರೆದೊಯ್ಯೋಣ ಎಂದುಕೊಂಡಾಗ ನೆಲ ಗುಡುಗಿತು, ಕೊಳ ಉಬ್ಬಿತು, ಅವಳು ಎದ್ದಳು. ಚರ್ಚಿನ ಗೋಪುರಕ್ಕಿಂತ ಮೇಲೆ! ನಾನು ಅವಳನ್ನು ನೋಡಲೇ ಇಲ್ಲ, ನಿನ್ನ ತುಟಿಯನ್ನೇ ನೋಡುತ್ತಿದ್ದೆ. ತುಟಿ ಅಲುಗಿತು. ನಿನ್ನ ಕಣ್ಣು ನಿನ್ನ ಬೂಟಿನ ಹತ್ತಿರ ಹರಿದು ಬಂದ ನೊರೆಯ ಮೇಲಿತ್ತು.

"ಸೋಪಾ?" ಅಂದೆ ನೀನು.

ಏಳು ತಿಂಗಳ ಮೇಲೆ ಬಂದ ಮಾತು. ಕುಣಿಯಬೇಕಿತ್ತು ನಾನು. ಬದಲಿಗೆ ಹೆದರಿಬಿಟ್ಟೆ. "ಇಲ್ಲಪ್ಪ, ತಾನಾಗೇ ಬಂದ್ಲು" ಅಂದೆ.

ನೀನು ನನ್ನನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಬಾಯಿ ಮುಚ್ಚಿದೆ. ಅಂದಿನಿಂದ ಮತ್ತೆ ಮಾತಿಲ್ಲ. ಅದು ಕಾಯಿಲೆಯೋ, ನನ್ನ ಮೇಲಿನ ಕೋಪವೋ, ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೋಪವೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ, ಅದಾದರೆ ಒಂದು ದಿನ ಇಳಿದೀತು.

ಹೌದು, ಬೆರ್ಗುರ್. ಸೋಪೇ. ಮೂರು ಬಕೆಟ್. ನಾಳೆ ಎರಡು ಗಂಟೆಯ ಬಸ್ಸಿಗೆ ಬರುತ್ತೇನೆ. ದೇವರು ನಿನ್ನನ್ನು ಬೆಚ್ಚಗಿಡಲಿ, ನನ್ನನ್ನು ಬಾಯ್ತುಂಬ ಬೈಯುವಷ್ಟು ಶಕ್ತಿ ಕೊಡಲಿ.

ಸುಳ್ಳು ಹೇಳಿದ ನಿನ್ನ ಹೆಂಡತಿ,
ಸೋಲ್ವೇಗ್