ಹನ್ನೊಂದನೇ ಪುಟ

ಗಾಜಿನ ಕಾರ್ಖಾನೆಯ ವಸತಿಸಾಲು,
ಮಾರ್ಚ್ 9, ಗುರುವಾರ

ಪ್ರೀತಿಯ ಪುಟ್ಟಕ್ಕಾ,

ಹೇಗಿದ್ದೀಯ ಮಗಳೇ? ಕಚೇರಿಯಲ್ಲಿ ಕೂತು ಕೂತು ಬೆನ್ನುನೋವು ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಅಮ್ಮನ ಉಬ್ಬಸ ಹಾಗೇ ಇದೆ. ಹೊಗೆ ನಿಂತ ಮೇಲಾದರೂ ಇಳಿದೀತು ಅಂದುಕೊಂಡಿದ್ದೆವು, ಇಳಿದಿಲ್ಲ.

ಹೌದು, ಕುಲುಮೆ ಆರಿಸಿಬಿಟ್ಟರು. ಹದಿನಾಲ್ಕು ವರ್ಷ ಒಂದು ಗಳಿಗೆಯೂ ಆರದ ಬೆಂಕಿ. ನಿನ್ನ ಪದವಿ ಸಮಾರಂಭಕ್ಕೂ ಪಾಳಿ ಮುಗಿಸಿ, ಸುಟ್ಟ ವಾಸನೆಯ ಅಂಗಿಯಲ್ಲೇ ಓಡಿಬಂದಿದ್ದೆ; ಗೆಳತಿಯರ ಮುಂದೆ ನೀನು ನಾಚಿಕೊಳ್ಳಲಿಲ್ಲ, ಅದನ್ನು ಮರೆತಿಲ್ಲ. ಬೆಂಕಿಗೆ ಅನಿಲ ಬಿಡುವ ಕೊನೆಯ ಕವಾಟ ತಿರುಗಿಸುವುದನ್ನು ಹಿರಿಯ ಅಂತ ನನಗೇ ವಹಿಸಿದರು. ಒಳಗಿನ ಗಾಜು ಹೆಪ್ಪುಗಟ್ಟಿ ಕಲ್ಲಾಯಿತು, ಇಟ್ಟಿಗೆಗಳು ಬಿರಿದವು. ಇನ್ನು ಅದನ್ನು ಹೊತ್ತಿಸಲು ಬರುವುದಿಲ್ಲ.

ಮಾಲೀಕರು ಎಲ್ಲರನ್ನೂ ಪ್ಯಾಕಿಂಗ್ ಶೆಡ್ಡಿನಲ್ಲಿ ಸೇರಿಸಿ ಹೊಗೆಗೆ ಬೆಲೆ ಕಟ್ಟುವ ಬಗ್ಗೆ ನಿಮ್ಮ ಸರ್ಕಾರಿ ಕಚೇರಿ ಬರೆದ ವರದಿ ಹಂಚಿದರು. ಮೊದಲ ಪುಟದಲ್ಲೇ ನಿನ್ನ ಹೆಸರು! ಓದುವ ಮೊದಲೇ ಚಪ್ಪಾಳೆ ತಟ್ಟಿಬಿಟ್ಟೆ. ನನ್ನನ್ನು ನೋಡಿ ಉಳಿದವರೂ ತಟ್ಟಿದರು. ಆಮೇಲೆ ಮಾಲೀಕರು ಬಿಡಿಸಿ ಹೇಳಿದರು: ಇಂಗಾಲದ ಹೊಗೆ ಬಿಡಲು ಇನ್ನು ಪರವಾನಗಿ ಬೇಕು, ನಮ್ಮ ಕಾರ್ಖಾನೆಯ ಪಾಲನ್ನು ಸರ್ಕಾರ ಪುಕ್ಕಟೆ ಕೊಟ್ಟಿದೆ, ಬಾಟಲಿ ಮಾಡುವುದಕ್ಕಿಂತ ಬಾಗಿಲು ಮುಚ್ಚಿ ಆ ಪರವಾನಗಿಯನ್ನು ಬೇರೆ ಕಾರ್ಖಾನೆಗಳಿಗೆ ಮಾರುವುದೇ ಲಾಭ. ಬಾಟಲಿಗಳನ್ನು ಗಡಿಯಾಚೆಯ ಅವರ ಇನ್ನೊಂದು ಕಾರ್ಖಾನೆ ಮಾಡುತ್ತದಂತೆ. ಅಲ್ಲಿ ಹೊಗೆಗೆ ಬೆಲೆಯಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನಮ್ಮ ಕಥೆ.

ಹೊಗೆಗೆ ಬೆಲೆ ಕಟ್ಟಲೇಬೇಕು ಎಂದು ನೀನು ಊಟಕ್ಕೆ ಕೂತಾಗಲೆಲ್ಲ ವಾದಿಸುತ್ತಿದ್ದೆ. ನಾನು ಹೂಂಗುಟ್ಟುತ್ತಿದ್ದೆ. ಅಮ್ಮನ ಕೆಮ್ಮು ಕೇಳಿದವನಿಗೆ ಬೇರೆ ಪುರಾವೆ ಏಕೆ? ಈಗಲೂ ಅದು ತಪ್ಪೆನ್ನಲಾರೆ. ಆದರೆ "ಅಪ್ಪಾ, ಕುಲುಮೆ ನಿಂತ್ರೆ ಪರವಾನಗಿ ದುಡ್ಡಲ್ಲಿ ಕೆಲಸದವರಿಗೂ ಪಾಲು ಸಿಗ್ಬೇಕು, ವರದಿಯ ಹನ್ನೊಂದನೇ ಪುಟದಲ್ಲಿ ಬರೀತೀನಿ ನೋಡು" ಎಂದಿದ್ದೆಯಲ್ಲ, ಅದನ್ನು ನಂಬಿ ನಾನು ಸಾಲಿನ ಮನೆಮನೆಗೂ ಧೈರ್ಯ ಹೇಳಿದ್ದೆ. ಯಾರಿಗೂ ಬಿಡಿಗಾಸೂ ಸಿಗಲಿಲ್ಲ. ಈಗ ನನ್ನನ್ನು ಕಂಡರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತದೆ. ಕೆಲಸ ಕಳೆದುಕೊಂಡ ನಿನ್ನ ತಮ್ಮನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನಗೆ ಯಾವ ದಾರಿಯೂ ತೋಚುತ್ತಿಲ್ಲ ಪುಟ್ಟಕ್ಕಾ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂತ ಬರೆಯಲು ಹೇಳಿದಳು.

ನಿನ್ನ
ಅಪ್ಪ

ಮತ್ತೆ: ಅಂಚೆ ಹೊರಡುವ ಹೊತ್ತಾಯಿತು. ನಮಗೆ ಕೊಟ್ಟ ವರದಿ ಹತ್ತನೇ ಪುಟಕ್ಕೇ ಮುಗಿಯುತ್ತದೆ. ಮುಂದಿನದನ್ನು ಮಾಲೀಕರೇ ಕಿತ್ತಿದ್ದಾರೆ ಎಂದು ನಿನ್ನ ತಮ್ಮನಿಗೆ ಆಣೆಯಿಟ್ಟು ಹೇಳಿದ್ದೇನೆ. ಹಾಗಿದ್ದರೆ ಆ ಪುಟ ಕಳಿಸು. ನೀನು ಅದನ್ನು ಬರೆದೇ ಇರದಿದ್ದರೆ ಉತ್ತರ ಬರೆಯಬೇಡ. ಈ ಕಾಗದ ನಿನಗೆ ತಲುಪಲಿಲ್ಲ ಅಂದುಕೊಳ್ಳುತ್ತೇನೆ.