ಬಚ್ಚಿಡದ ಬ್ಯಾಂಕಿನ ಷೇರು ಕೊಂಡ ಆಯಿಗೆ

ಗದಗ,
ಇಸವಿ ೨೧೭೨, ಹದಿನಾಲ್ಕನೆಯ ತಿಂಗಳ ಇಪ್ಪತ್ತೈದನೆಯ ದಿನ

ಪೂಜ್ಯ ಶಶಿಕಲಾ ಆಯಿಯವರಿಗೆ, ನಿಮ್ಮ ಮಗಳು ರೋಹಿಣಿಯ ಮೊಮ್ಮಗಳ ಮೊಮ್ಮಗಳಾದ ನೇಸರಿ ತಲೆಬಾಗಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿದ ಕೂಡಲೇ ನಿಮ್ಮ ಕೈ ಕೆಂಪು ಪೆನ್ನು ಹುಡುಕಿರುತ್ತದೆ ಎಂದು ನನಗೆ ಗೊತ್ತು. ಮೂವತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು ಹದಿನಾಲ್ಕನೆಯ ತಿಂಗಳನ್ನು ಹಾಗೆಯೇ ಬಿಡುವುದುಂಟೆ? ಆದರೆ ಅದು ತಪ್ಪಲ್ಲ, ಆಯಿ. ನಾವು ವರ್ಷವನ್ನು ಇಪ್ಪತ್ತಾರು ದಿನಗಳ ಹದಿನಾಲ್ಕು ತಿಂಗಳಾಗಿ ಒಡೆದುಕೊಂಡಿದ್ದೇವೆ. ಹಾಗೆ ಒಡೆದರೆ ಒಂದು ದಿನ ಉಳಿಯುತ್ತದೆ. ಅದನ್ನು ಯಾವ ತಿಂಗಳಿಗೂ ಸೇರಿಸದೆ 'ಮಿಗುದಿನ' ಎಂದು ಕರೆಯುತ್ತೇವೆ. ಆ ದಿನದ ಮಾತು ಮುಂದೆ ಬರುತ್ತದೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಆರು ವಾರ ಕೂತು ಕಲಿತಿದ್ದೇನೆ. ಆದರೂ ನಮ್ಮ ಮಾತುಗಳು ನಡುವೆ ನುಸುಳುತ್ತವೆ. ನುಸುಳಿದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ.

ಈ ಕಾಗದ ನಿಮ್ಮ ಕೈಸೇರುವುದು ಹಿಂದಂಚೆಯ ಮೂಲಕ. ಮುಂದಿನವರು ಹಿಂದಿನವರಿಗೆ ಕಾಗದ ಹಾಕುವ ಅಂಚೆ ಅದು. ಹೇಗೆ ನಡೆಯುತ್ತದೆ ಎಂದು ನನ್ನನ್ನು ಕೇಳಬೇಡಿ. ನೀವು ಕೂಡ ಮೊಬೈಲಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದುಕೊಂಡು ಅದನ್ನು ಬಳಸುತ್ತಿಲ್ಲವಲ್ಲ. ಈ ಅಂಚೆ ಮೊದಲು ತೆರೆದಾಗ ಒಬ್ಬರೂ ಹಿರಿಯರ ಕ್ಷೇಮ ಕೇಳಲಿಲ್ಲವಂತೆ. ಎಲ್ಲರೂ ತಮ್ಮ ತಮ್ಮ ಅಜ್ಜ ಮುತ್ಯಾಂದಿರಿಗೆ ಇಂಥ ಷೇರು ಕೊಳ್ಳಿ, ಇಂಥದ್ದು ಮಾರಿ ಎಂದೇ ಬರೆದರು. ಒಂದು ಬಣ್ಣದ ಕಂಪನಿಯ ಹೆಸರು ಒಂದೇ ಬೆಳಿಗ್ಗೆ ನಲವತ್ತು ಸಾವಿರ ಮನೆಗಳಿಗೆ ಗುಟ್ಟಾಗಿ ತಲುಪಿತು. ಆ ಮುತ್ಯಾಂದಿರೆಲ್ಲ ಕನ್ನಡಕ ಹುಡುಕಿ, ಕಾಗದ ಓದಿ, ಷೇರು ಕೊಳ್ಳಲು ಕೂರುವಷ್ಟರಲ್ಲಿ ದರ ಏರಬೇಕಾದಷ್ಟು ಏರಿ ಕೂತಿತ್ತು. ಯಾರಿಗೂ ನಯಾಪೈಸೆ ದಕ್ಕಲಿಲ್ಲ. ತಡವಾಗಿ ಓದಿದವರಿಗೆ ಕೈಯಿಂದಲೇ ಹೋಯಿತು. ನಲವತ್ತು ಸಾವಿರ ಜನಕ್ಕೆ ಗೊತ್ತಿರುವುದು ಗುಟ್ಟಲ್ಲ, ಅದು ಆಗಲೇ ದರದೊಳಗೆ ಸೇರಿಹೋಗಿರುತ್ತದೆ ಎಂಬ ಪಾಠವನ್ನು ಇಡೀ ನಾಡು ಆಗ ಕಲಿಯಿತು. ಸುದ್ದಿ ಬರುವ ಮುನ್ನಾದಿನವೇ ದರ ಓಡಿದರೆ ಒಳಗಿನವರ ಕೈವಾಡ ಎಂದು ನೀವು ಬೈಯುತ್ತೀರಲ್ಲ, ಆ ಪಾಪದಲ್ಲಿ ಅರ್ಧ ನಮ್ಮದು.

ಅಂದಿನಿಂದ ಪ್ರತಿ ಕಾಗದವೂ ಜರಡಿಕಟ್ಟೆಯ ಮೇಲೆ ಹಾಯ್ದೇ ಹೋಗಬೇಕು. ಲಾಭಕ್ಕೆ ಬರುವ ಸುದ್ದಿಯನ್ನು ಕಾಗದದಿಂದ ಸೋಸಿ ತೆಗೆಯುವ ಕಚೇರಿ ಅದು. ನಮ್ಮೂರ ಜರಡಿಕಟ್ಟೆಯಲ್ಲಿ ಕೂರುವವಳು ಹುಸೇನಬಿ. ಬಾಯಿ ಜೋರು, ಮನಸ್ಸು ಬೆಣ್ಣೆ. ನೀವು ಷೇರು ಕೊಂಡ ಬ್ಯಾಂಕಿನ ಹೆಸರು ಬರೆದಿದ್ದೆ, ಹೊಡೆದುಹಾಕಿದಳು. ಹೋಗಲಿ, ಬೋರ್ಡಿನ ಬಣ್ಣವನ್ನಾದರೂ ಹೇಳೋಣವೆಂದರೆ, "ಬ್ಯಾಡ್ರಿ ಅಕ್ಕಾರ, ಬಣ್ಣ ಹೇಳಿದ್ರ ಹೆಸರು ಹೇಳಿದಂಗಽ ಆತು" ಎಂದಳು. ಹಾಗಾದರೆ ಏನು ಬರೆಯಲಿ ಎಂದು ಸಿಟ್ಟಿನಿಂದಲೇ ಕೇಳಿದೆ. "ಉಪಕಾರ ನೆನೀರಿ. ಅದಕ್ಕ ನಮ್ಮಲ್ಲೆ ಜರಡಿ ಇಲ್ಲ" ಎಂದಳು. ಅದಕ್ಕೇ, ಆಯಿ, ನೀವು ಕೊಂಡ ಬ್ಯಾಂಕ್ ಷೇರು ಮುಂದೆ ಏರಿತೋ, ಇಳಿಯಿತೋ, ಮಿರ್ಚಿ ಕಟ್ಟುವ ಕಾಗದವಾಯಿತೋ, ಒಂದನ್ನೂ ನಾನು ಹೇಳಲಾರೆ. ಹೇಳಲು ಬಂದದ್ದು ಅದಲ್ಲ ಎಂಬುದು ಸಮಾಧಾನ.

ನಿಮ್ಮ ಬಗ್ಗೆ ನಮಗೆ ತಿಳಿದಿರುವುದು ನೀವು ಲಕ್ಷ್ಮೇಶ್ವರದ ತಂಗಿ ನಾಗರತ್ನಾ ಅವರಿಗೆ ಕಳಿಸಿದ ಧ್ವನಿ ಸಂದೇಶಗಳಿಂದ. ಅವರು ಹನ್ನೊಂದನ್ನು ಉಳಿಸಿಟ್ಟಿದ್ದರು. ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಅವನ್ನು ಕೇಳಿಕೊಂಡೇ ಬೆಳೆದಿದ್ದೇವೆ. ನಿವೃತ್ತಿಯಾದಾಗ ಬಂದದ್ದು ಮೂವತ್ತೊಂದು ಲಕ್ಷ. ಅದು ಠೇವಣಿಯಲ್ಲಿದೆ ಎಂದು ನಿಮ್ಮ ಯಜಮಾನರು, ಚನ್ನವೀರಪ್ಪ ಮುತ್ಯಾ, ನಂಬಿದ್ದಾರೆ. ನೀವು ಮಹಡಿಯ ಕೋಣೆಯಲ್ಲಿ ಕೂತು ಸೂಚ್ಯಂಕದ ವಾರದ ಆಪ್ಶನ್ ಮಾರುತ್ತಿದ್ದಿರಿ. ಮಂಗಳವಾರದೊಳಗೆ ಸೂಚ್ಯಂಕ ಅಷ್ಟು ದೂರ ಓಡುವುದಿಲ್ಲ ಎಂದು ಪಣ ಕಟ್ಟುವ ವ್ಯಾಪಾರ ಅದು. "ನೂರಕ್ಕ ತೊಂಬತ್ತಾರು ಸಲ ಗೆಲ್ಲೂದು, ನಾಗೂ. ಇದನ್ನಽ ಅಲ್ಲೇನು ನಾ ಹುಡುಗರಿಗೆ ಕಲಿಸಿದ್ದು" ಎಂದು ಮೂರನೆಯ ಸಂದೇಶದಲ್ಲಿ ನಗುತ್ತೀರಿ. ಮೂವತ್ತೊಂದು ವಾರ ಗೆದ್ದಿರಿ, ವಾರಕ್ಕೆ ಐದಾರು ಸಾವಿರದಂತೆ. ಆಮೇಲೆ ಉಳಿದ ಆ ನಾಲ್ಕು ಸಲ ಬಂತು. ಮೊದಲ ಎರಡು ಮಂಗಳವಾರಗಳಲ್ಲಿ ಹನ್ನೆರಡು ಲಕ್ಷ, ಅದನ್ನು ಹಿಂದೆ ತರಲು ಹೋಗಿ ಮತ್ತೆ ಒಂಬತ್ತು ಚಿಲ್ಲರೆ. ಗೆದ್ದದ್ದನ್ನು ಕಳೆದರೆ ಹದಿನಾಲ್ಕು ತಿಂಗಳಲ್ಲಿ ಹೋದದ್ದು ಒಟ್ಟು ಹತ್ತೊಂಬತ್ತು ಲಕ್ಷದ ನಲವತ್ತು ಸಾವಿರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನೀವೇ ಹೇಳಿಕೊಂಡು ಮೂಗು ಸೀನಿದ್ದು ಏಳನೆಯ ಸಂದೇಶದಲ್ಲಿ ಕೇಳಿಸುತ್ತದೆ. ಅಷ್ಟೂ ದಿನ ಮುತ್ಯಾ ನೀವು ಮೇಲೆ ಆನ್‌ಲೈನ್ ಪಾಠ ಹೇಳುತ್ತಿದ್ದೀರೆಂದು ತಿಳಿದು ಟಿವಿಯ ಸದ್ದು ತಗ್ಗಿಸುತ್ತಿದ್ದರು, ಹನ್ನೊಂದೂವರೆಗೆ ಚಹಾ ತಂದು ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದರು.

ಆಮೇಲೆ ಆ ಬ್ಯಾಂಕಿನ ಸುದ್ದಿ ಬಂತು. ಹಳೆಯ ಆಡಳಿತದವರು ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಕೆಟ್ಟ ಸಾಲಗಳನ್ನೆಲ್ಲ ಹೊಸ ಅಧ್ಯಕ್ಷೆ ಒಂದೇ ಸಂಜೆ ಪಟ್ಟಿ ಮಾಡಿ ಊರ ಮುಂದೆ ಇಟ್ಟರು. ಎರಡು ದಿನದಲ್ಲಿ ಷೇರಿನ ದರದ ಮೂರರಲ್ಲೊಂದು ಪಾಲು ಕರಗಿತು. ಎಲ್ಲರೂ ಓಡಿದರು. ನೀವು ಆ ನಲವತ್ತು ಪುಟದ ವರದಿಯನ್ನು ಮೂರು ಸಲ ಓದಿ, ಮೂರನೆಯ ದಿನ ಬೆಳಿಗ್ಗೆ ಉಳಿದಿದ್ದ ಹನ್ನೊಂದು ಲಕ್ಷದ ಅರವತ್ತು ಸಾವಿರಕ್ಕೂ ಅದನ್ನೇ ಕೊಂಡಿರಿ. ನಿಮ್ಮ ಅಣ್ಣನ ಮಗ ನಂದೀಶ, ಹುಬ್ಬಳ್ಳಿಯ ಷೇರು ದಲ್ಲಾಳಿ ಕಚೇರಿಯಲ್ಲಿ ಇದ್ದವನು, ನಿಮಗೆ ಫೋನ್ ಮಾಡಿದ. "ಅತ್ತೀ, ಆ ಸುದ್ದಿ ಎಲ್ಲಾ ರೇಟಿನ್ಯಾಗ ಬಂದ್ಬಿಟ್ಟೈತಿ. ಅದು ಸೋವಿ ಅಲ್ಲ. ಎಷ್ಟಿರಬೇಕೋ ಅಷ್ಟಽ ಐತಿ" ಎಂದನಂತೆ. ಅವನಿಗೆ ನೀವು ಹ್ಞೂಂಗುಟ್ಟಿದಿರಿ ಅಷ್ಟೆ. ಉತ್ತರ ಕೊಟ್ಟದ್ದು ತಂಗಿಗೆ. "ಸೋವಿ ಅಂತ ನಾ ತಗೊಂಡಿಲ್ಲವಾ. ಎಷ್ಟಿರಬೇಕೋ ಅಷ್ಟಽ ಐತಿ ಅಂತ ತಗೊಂಡೆ. ಹದಿನಾಲ್ಕು ತಿಂಗಳು ಮಂದಿಗಿಂತ ಶಾಣ್ಯಾಕಿ ಅಂತ ತಿಳಕೊಂಡು ರೊಕ್ಕ ಕಳಕೊಂಡೆ. ಇನ್ನ ಮ್ಯಾಲೆ ಮಂದಿಯಷ್ಟಽ ಶಾಣ್ಯಾಕಿ ಆಗಿರ್ತೀನಿ, ಸಾಕು. ಆ ಅಧ್ಯಕ್ಷಿ ಎಲ್ಲಾ ಹೇಳಿಬಿಟ್ಟಾಳ ನೋಡು. ಹೇಳಿದ ಮ್ಯಾಲೆ ಬೀಳೂದು ಒಂದಽ ಸಲ. ಮುಚ್ಚಿಟ್ರ ದಿನಾ ಬೀಳ್ತೈತಿ."

ಈ ಒಂಬತ್ತನೆಯ ಸಂದೇಶವನ್ನು ನಾನು ನೂರು ಸಲವಾದರೂ ಕೇಳಿರಬೇಕು. ಮಾರುಕಟ್ಟೆಯ ಬಗ್ಗೆ ಇದಕ್ಕಿಂತ ನೆಟ್ಟಗೆ ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಎಲ್ಲದಕ್ಕೂ 'ಹದದರ' ಬಂದಿದೆ. ಎಲ್ಲರಿಗೂ ಗೊತ್ತಿರುವುದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಂಡು ನಿಲ್ಲುವ ದರಕ್ಕೆ ಹಾಗೆನ್ನುತ್ತೇವೆ. ಜೋಳಕ್ಕೂ ಅದೇ, ಷೇರಿಗೂ ಅದೇ, ಕಪ್ಪತಗುಡ್ಡದ ಗಾಳಿಗಿರಣಿಯ ಪಾಲಿಗೂ ಅದೇ. ಅದನ್ನು ಮೀರಿಸಲು ಯಾರಿಂದಲೂ ಆಗದ ಕಾರಣ ದರವನ್ನು ದಿಟ್ಟಿಸುತ್ತ ಕೂರುವವರೇ ಇಲ್ಲ. ಮಧ್ಯಾಹ್ನಗಳು ಬಿಡುವಾಗಿವೆ. ಮನೆಯ ಮೇಲೆ ಜೋಳ ಬೆಳೆಯುತ್ತೇವೆ, ಖಡಕ್ ರೊಟ್ಟಿ ಇನ್ನೂ ಕೈಯಲ್ಲೇ ಬಡಿಯುತ್ತೇವೆ, ಪೇಟೆಗೆ ಹೋಗಲು ಜಗಲಿಬಂಡಿ ಹತ್ತುತ್ತೇವೆ. ಬೀದಿಯುದ್ದಕ್ಕೂ ಮೆಲ್ಲಗೆ ಹರಿದಾಡುವ ಜಗಲಿ ಅದು, ಕೂತು ಹರಟುತ್ತ ಹೋಗಬಹುದು. ಆಟದ ಚಪಲ ಮಾತ್ರ ಜನರನ್ನು ಬಿಟ್ಟಿಲ್ಲ. ಬಂಡಿ ಮೊದಲು ಮೂಡಣದಿಂದ ಬರುತ್ತದೋ ಪಡುವಣದಿಂದಲೋ ಎಂದು ಬೆಟಗೇರಿಯ ಮುದುಕರು ದಿನಾ ಪಂಥ ಕಟ್ಟುತ್ತಾರೆ, ದಿನಾ ಸೋಲುತ್ತಾರೆ, ಮನೆಗೆ ಹೋಗಿ ಗೆದ್ದೆವೆಂದು ಹೇಳುತ್ತಾರೆ.

ನಮ್ಮ ಮನೆಯಲ್ಲಿ ಮಾತ್ರ ಹಾಗೆ ಹೇಳುವಂತಿಲ್ಲ. ನಾಡಿದ್ದು ಮಿಗುದಿನ. ಅಂದು ನಮ್ಮಲ್ಲಿ 'ಕಳಕೊಂಡದ್ದರ ಊಟ'. ಹೋಳಿಗೆ, ಎಣ್ಣೆಗಾಯಿ, ಕೆಂಪು ಚಟ್ನಿ. ಎಲ್ಲರೂ ಸಾಲಾಗಿ ಕೂತ ಮೇಲೆ ಹಿರಿಯರಿಂದ ಶುರುವಾಗಿ ಒಬ್ಬೊಬ್ಬರೂ ಈ ವರ್ಷ ತಾವು ಕಳೆದುಕೊಂಡದ್ದನ್ನು ಹೇಳಬೇಕು. ಎಷ್ಟು ಎಂದು ಹೇಳಬೇಕು, ಎಷ್ಟು ದಿನ ಬಚ್ಚಿಟ್ಟೆವು ಎಂದೂ ಹೇಳಬೇಕು. ಯಾಕೆ ಎಂದು ಯಾರೂ ಕೇಳಕೂಡದು. ಹೊಸದಾಗಿ ಮದುವೆಯಾಗಿ ಬಂದವರು ಮೊದಲ ವರ್ಷ ಬೆವರುತ್ತಾರೆ, ಎರಡನೆಯ ವರ್ಷ ಮಿಗುದಿನ ಯಾವಾಗ ಬರುತ್ತದೆಂದು ಕಾಯುತ್ತಾರೆ. ನನ್ನ ತಮ್ಮ ಒಂದು ವರ್ಷ ಗಿರಣಿಯ ಪಾಲನ್ನೆಲ್ಲ ಕಳೆದು ಬಂದಿದ್ದ. ಊಟದಲ್ಲಿ ಹೇಳಿ ಅತ್ತ, ಹತ್ತು ಜನ ಕೂಡಿ ಯೋಚಿಸಿದೆವು, ಈಗ ಅವನದು ಚಂದದ ಕುಂಬಾರಿಕೆಯ ಕಾರ್ಖಾನೆ. ನಮ್ಮ ಎದುರು ಮನೆಯವರು ಅಂಥದ್ದೇ ನಷ್ಟವನ್ನು ಒಂಬತ್ತು ವರ್ಷ ಮುಚ್ಚಿಟ್ಟರು. ಈಗ ಆ ಮನೆಯ ಅಣ್ಣತಮ್ಮಂದಿರು ಒಂದೇ ಜಗಲಿಬಂಡಿ ಹತ್ತುವುದಿಲ್ಲ.

ಐದು ತಲೆಮಾರುಗಳಲ್ಲಿ ನಮ್ಮಲ್ಲಿ ಕಳೆದುಕೊಂಡವರು ಬಹಳ ಜನ ಇದ್ದಾರೆ. ನಾಚಿಕೆಯಿಂದ ಮನೆ ಬಿಟ್ಟುಹೋದವರು ಒಬ್ಬರೂ ಇಲ್ಲ. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬಿ ಬರುತ್ತದೆ, ಆಯಿ. ಈ ಊಟ ನಿಮ್ಮಿಂದ ಬಂದದ್ದು. ನಾವು ನೆನೆಯುವ ಉಪಕಾರ ಇದು. ಇದಕ್ಕೆ ಹೋಲಿಸಿದರೆ ಆ ಷೇರು ಬೆಳೆದರೆಷ್ಟು, ಬಿಟ್ಟರೆಷ್ಟು.

ಆದರೆ ನಿಮಗೆ ಇದೊಂದೂ ತಿಳಿಯದು. ಹುಸೇನಬಿ ಈ ಕಾಗದ ನಿಮಗೆ ಶನಿವಾರ ಬೆಳಿಗ್ಗೆ ತಲುಪುವಂತೆ ಗೊತ್ತು ಮಾಡಿದ್ದಾಳೆ. ನಿನ್ನೆ, ಅಂದರೆ ನಿಮ್ಮ ಶುಕ್ರವಾರ, ನೀವು ಹನ್ನೊಂದನೆಯ ಸಂದೇಶ ಕಳಿಸಿದಿರಿ. ನಾಳೆ, ಭಾನುವಾರ, ರೋಹಿಣಿ ಬರುತ್ತಾಳೆ. ಅವಳ ಹಲ್ಲಿನ ದವಾಖಾನೆಗೆ ಹತ್ತು ಲಕ್ಷ ಕೊಡೋಣ, ಠೇವಣಿ ಮುರಿಸು ಎಂದು ಮುತ್ಯಾ ಹೇಳಿದ್ದಾರೆ. "ರವಿವಾರ ಏನರ ನೆವ ಹೇಳ್ತೀನಿ, ನಾಗೂ. ಸೋಮವಾರ ಆ ಷೇರು ಮಾರಿ, ಮಂಗಳವಾರ ಒಂದಽ ಒಂದು ಸಲ ಆಡಿ, ಹೋದದ್ದರಾಗ ಅರ್ಧಾ ತಂದು, ಆಮ್ಯಾಲೆ ಅವರಿಗೆ ಹೇಳ್ತೀನಿ." ನಿಮ್ಮ ದನಿ ಅಲ್ಲಿಗೆ ನಿಲ್ಲುತ್ತದೆ. ಸಣ್ಣವಳು ದೊಡ್ಡವರಿಗೆ ಹೇಳಬಾರದು, ಆದರೂ ಹೇಳುತ್ತೇನೆ. ನನಗೀಗ ಅರವತ್ತೆರಡು, ವಯಸ್ಸಿನಲ್ಲಿ ನಿಮಗಿಂತ ಒಂದು ವರ್ಷ ದೊಡ್ಡವಳೇ. ಎಲ್ಲ ಹೇಳಿಬಿಟ್ಟಿತೆಂದು ಮೆಚ್ಚಿ ಒಂದು ಬ್ಯಾಂಕಿನ ಷೇರು ಕೊಂಡವರು ತಮ್ಮ ಮನೆಯಲ್ಲಿ ಮಾತ್ರ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದ್ದರೆ ಹೇಗೆ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ಇದಕ್ಕೇ ಅಲ್ಲವೇ?

ಮಂಗಳವಾರದ ತನಕ ಕಾಯಬೇಡಿ. ಅರ್ಧ ತಂದ ಮೇಲೆ ಹೇಳುತ್ತೇನೆ ಎನ್ನಬೇಡಿ. ನಾಳೆ ಊಟಕ್ಕೆ ಕೂತಾಗ, ರೋಹಿಣಿಯ ಎದುರಿಗೇ, ಹತ್ತೊಂಬತ್ತು ಲಕ್ಷದ ನಲವತ್ತು ಸಾವಿರ ಎಂದು ಪೂರ್ತಿ ಅಂಕಿ ಹೇಳಿ. ನೀವು ಹೇಳಿದಿರಿ ಎಂದು ನಮಗೆ ಗೊತ್ತು. ಹೇಳುವ ಮುಂಚಿನ ಈ ರಾತ್ರಿಯನ್ನು ನೀವು ಹೇಗೆ ಕಳೆದಿರೋ ಎಂಬುದೊಂದೇ ನನ್ನ ಸಂಕಟ. ಅದಕ್ಕಾಗಿಯೇ ಈ ಕಾಗದ.

ಹೇಳಿದ ಮೇಲೆ ಹೆದರಿ ಎದ್ದು ಹೋಗಬೇಡಿ. ಮುತ್ಯಾ ಆಮೇಲೆ ಏನಂದರು ಎಂಬುದನ್ನು ರೋಹಿಣಿ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಇಲ್ಲಿ ಸೇರಿಸಬಹುದೇ ಎಂದು ಹುಸೇನಬಿಯನ್ನು ಕೇಳಿದೆ. ಅವಳು ಎರಡು ಸಲ ಓದಿ, "ಇದು ದರ ಅಲ್ರಿ ಅಕ್ಕಾರ, ಹೋಗ್ಲಿ" ಎಂದು ಕಣ್ಣೊರೆಸಿಕೊಂಡು ಮುದ್ರೆ ಒತ್ತಿದಳು.

ದುಡ್ಡಿನ ಮಾತು ಅವರು ಎತ್ತಲೇ ಇಲ್ಲವಂತೆ. ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿಕೊಂಡು ನಿಮ್ಮನ್ನು ನೋಡಿ ಕೇಳಿದರಂತೆ:

"ಹದಿನಾಲ್ಕು ತಿಂಗಳು ಮ್ಯಾಲೆ ಒಬ್ಬಾಕಿನಽ ಕುಂತಿದ್ದೇನು?"

ನಿಮ್ಮ ಋಣದಲ್ಲಿ ಸುಖವಾಗಿರುವ,
ನೇಸರಿ