ಕೆಳಬೀದಿಯಿಲ್ಲದ ಚರಿತ್ರೆ

ಜುಲೈ ೯

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಏನು ಮಾಡಲಿ, ನಮ್ಮ ಪುರಸಭೆಗೆ ನೂರು ತುಂಬಿತೆಂದು ಊರಿನ ಚರಿತ್ರೆ, ಭೂಗೋಳ, ಹವಾಮಾನವನ್ನೆಲ್ಲ ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಇಲ್ಲಿ ಭೂಗೋಳ ಕಲಿಸಿದ ಮೇಷ್ಟರು ಅಂತ ಉಳಿದಿರುವವಳು ನಾನೊಬ್ಬಳೇ ತಾನೆ!

ಊರೇನು ಊರು! ಗುಡ್ಡದ ಇಳಿಜಾರಿನಲ್ಲಿ ಒಂದೂವರೆ ಬೀದಿ. ಆರು ತಿಂಗಳು ಮಂಜು, ಉಳಿದ ಆರು ತಿಂಗಳು ಗಾಳಿ. ರಸ್ತೆ ಅಳೆಯಲು ಬಂದವರ ಕತ್ತೆಗಳು ಏರು ಹತ್ತಲಾರದೆ ಮಲಗಿದಲ್ಲೇ ಊರು ಹುಟ್ಟಿತು. ಹಾಗೆಂದು ಬರೆದುಕೊಟ್ಟರೆ ಅಧ್ಯಕ್ಷನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಕತ್ತೆ ಬೇಡ ಮೇಡಂ. ಯಾರೋ ರಾಜ ಬೇಟೆಗೆ ಬಂದಿದ್ದ ಅಂತ ಹಾಕಿ."

"ಯಾವ ರಾಜ?"

"ಯಾವನೋ ಒಬ್ಬ. ಸತ್ತವನು ಬಂದು ಕೇಳ್ತಾನಾ?"

ಸಿಮೆಂಟು ಅಂಗಡಿಯವನು. ಅಂಗಡಿಯ ಸರಕು ತಲೆಯೊಳಗೂ ಗಟ್ಟಿಯಾಗಿದೆ. ಮಂಜನ್ನು 'ಹಿತವಾದ ತಂಪು' ಮಾಡಿದ, ಗಾಳಿಯನ್ನು 'ಆರೋಗ್ಯಕರ' ಮಾಡಿದ. ಸದಸ್ಯರೆಲ್ಲ ಸ್ವೆಟರಿನ ಮೇಲೆ ಸ್ವೆಟರು ಏರಿಸಿ, ಮೂಗು ಸೀಟಿಕೊಳ್ಳುತ್ತಲೇ "ಹೌದು, ಹೌದು" ಎಂದರು.

ಕತ್ತೆ ಹೋದರೆ ಹೋಗಲಿ ಎಂದು ಸುಮ್ಮನಾದೆ. ಸಮಾರಂಭದ ದಿನ ವೇದಿಕೆಯಲ್ಲಿ ಪುಸ್ತಕ ಕೈಗಿತ್ತರು. ತಿರುವಿ ನೋಡುತ್ತೇನೆ, ಗುಡ್ಡ ಕುಸಿದದ್ದರ ಬಗ್ಗೆ ನಾನು ಬರೆದುಕೊಟ್ಟ ಪುಟವೇ ಇಲ್ಲ! ಮಣ್ಣಿನಡಿ ಹೋದ ಕೆಳಬೀದಿಯೂ ಇಲ್ಲ, ಅಲ್ಲಿ ಸತ್ತವರೂ ಇಲ್ಲ. ಬದಲಿಗೆ, 'ಇಲ್ಲಿನ ನೆಲ ಬಲು ಗಟ್ಟಿ' ಎಂದಿದೆ.

ಮೈಕು ಕಿತ್ತುಕೊಂಡು ಹೇಳಿದೆ: "ಇದು ಚರಿತ್ರೆಯಲ್ಲ, ನಿಮ್ಮ ಸಿಮೆಂಟಿನ ಜಾಹೀರಾತು. ನನ್ನ ಹೆಸರು ತೆಗೀರಿ."

"ಮೇಡಂ, ಮನೇಲಿ ಒಂದ್ಸಲ ಕೇಳಿ..." ಎಂದು ಅವನು ತೊದಲಿದ. ಅಂಥವನ ಮಾತಿಗೆ ಯಾರು ನಿಲ್ಲುತ್ತಾರೆ? ಪುಸ್ತಕವನ್ನು ಅವನ ಮಡಿಲಿಗೆ ಎಸೆದು ಇಳಿದುಬಂದೆ. ಕೆಳಗೆ ಕೂತವರಲ್ಲಿ ಆ ಬೀದಿಯಲ್ಲಿ ತಮ್ಮವರನ್ನು ಕಳೆದುಕೊಂಡವರೂ ಇದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಕುರಿಗಳು!

ನಿನ್ನ ಮೊಣಕಾಲು ನೋವು ಬೇಗ ವಾಸಿಯಾಗಲಿ. ಮಕ್ಕಳು, ಮೊಮ್ಮಕ್ಕಳೊಂದಿಗೆ ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಆ ಪುಟ ತೆಗೆದದ್ದು ಅಧ್ಯಕ್ಷ. ತೆಗೆಸಿದ್ದು ನಿನ್ನ ಭಾವ. ನನಗೆ ತಿಳಿಯದಂತೆ ಅವನ ಮನೆಗೆ ಹೋಗಿ ಕೈಮುಗಿದು ಬೇಡಿಕೊಂಡರಂತೆ. "ಮಗಳನ್ನ ಆ ಮಣ್ಣಿಂದ ಎತ್ತಿದ್ದು ಇದೇ ಕೈಯಲ್ವೇನ್ರೀ? ನಾಚಿಕೆ ಆಗ್ಲಿಲ್ವಾ?" ಎಂದು ಕೂಗಾಡಿದೆ.

"ಒಂದು ಪುಸ್ತಕದಲ್ಲಾದ್ರೂ ಅವಳು ಸಾಯದೆ ಇರ್ಲಿ ಕಣೇ," ಅಂದರು ಅವರು.

ಅಂದಿನಿಂದ ಅವರೊಡನೆ ಮಾತಾಡಿಲ್ಲ. ಏನು ಮಾತಾಡಬೇಕೋ ನನಗೆ ತಿಳಿಯುತ್ತಿಲ್ಲ. ನೀನೊಮ್ಮೆ ಬಂದು ಹೋಗೇ.